ತಾಲ್ಲೂಕು ಕಚೇರಿ ಸುಧಾರಣೆ: ಮೊದಲು ಯಾವ ಫೈಲ್ ಬಿಚ್ಚಬೇಕು?

ಓದುಗರ ಪ್ರಶ್ನೆ: ಶಿರಸ್ತೇದಾರ್ ಆಗಿ ವರ್ಷಗಟ್ಟಲೆ ಕೆಲಸ ಮಾಡಿ ಈಗ ಮುಂಬಡ್ತಿ ಸಿಕ್ಕಿ ಒಂದು ತಾಲ್ಲೂಕಿಗೆ ತಹಶೀಲ್ದಾರ್ ಆಗಿ ಬಂದಿದ್ದೇನೆ. ಬಾಕಿ ಫೈಲ್ ರಾಶಿ ಬಿದ್ದಿದೆ. ಸಿಬ್ಬಂದಿ ಕಮ್ಮಿ. ಬಾಗಿಲಲ್ಲೇ ಮಧ್ಯವರ್ತಿಗಳು ನಿಂತಿರುತ್ತಾರೆ. ಒಂದೂವರೆ ವರ್ಷ ಇಲ್ಲಿ ಉಳಿದರೆ ಅದೇ ಜಾಸ್ತಿ. ಇಷ್ಟರಲ್ಲಿ ಕಚೇರಿ ಸುಧಾರಿಸಲು ಆಗುತ್ತದಾ? ಎಲ್ಲಿಂದ ಶುರು ಮಾಡಲಿ? ಹಳೆಯ ಸಿಬ್ಬಂದಿಯನ್ನು ಹೇಗೆ ಜೊತೆಗೆ ಕರೆದುಕೊಂಡು ಹೋಗಲಿ? ನಾನು ವರ್ಗವಾಗಿ ಹೋದ ಮೇಲೆ ಇದೆಲ್ಲ ಉಳಿಯುತ್ತದಾ?

ಉತ್ತರ: ಆಗುತ್ತದೆ. ಇಡೀ ಕಚೇರಿಯನ್ನಂತೂ ಬದಲಿಸಲು ಆಗುವುದಿಲ್ಲ, ಆದರೆ ಎರಡು ಮೂರು ಕೆಲಸಗಳನ್ನು ಬುಡದಿಂದ ಸರಿ ಮಾಡಬಹುದು. ಒಂದೂವರೆ ವರ್ಷ ಅದಕ್ಕೆ ಸಾಕು.

ಹೊಸದಾಗಿ ಬಂದ ಅಧಿಕಾರಿಗಳು ಮೊದಲ ವಾರ ಏನು ಮಾಡುತ್ತಾರೆ ಅಂತ ನೀವೇ ಶಿರಸ್ತೇದಾರ್ ಕುರ್ಚಿಯಿಂದ ನೋಡಿದ್ದೀರಿ. ಸಭೆ ಕರೆಯುತ್ತಾರೆ. ಬೆಳಿಗ್ಗೆ ಹತ್ತಕ್ಕೆ ಹಾಜರಾತಿ ಪುಸ್ತಕ ತರಿಸಿಕೊಳ್ಳುತ್ತಾರೆ, ತಡವಾಗಿ ಬಂದವರಿಗೆ ನೋಟಿಸ್ ಕೊಡುತ್ತಾರೆ, ಮೇಜು ಅಲ್ಲಿಂದ ಇಲ್ಲಿಗೆ ಹಾಕಿಸುತ್ತಾರೆ. ಹದಿನೈದು ದಿನ ಕಚೇರಿ ನೀಟಾಗಿ ಕಾಣುತ್ತದೆ. ಆದರೆ ಸರಿಯಾಗಿ ಹತ್ತಕ್ಕೆ ಬಂದು ಕೂತವರ ಮೇಜಿನ ಮೇಲೂ ಫೈಲ್ ಹಾಗೇ ಬಿದ್ದಿರಬಹುದಲ್ವಾ? ಶಿಸ್ತು ಬೇಡ ಅಂತ ಖಂಡಿತ ಹೇಳುತ್ತಿಲ್ಲ. ಅದರಿಂದ ಶುರು ಮಾಡಬೇಡಿ, ಅಷ್ಟೇ.

ನನ್ನ ಮಾತು ಒಂದೇ. ಜನರ ಸ್ವಭಾವ ತಿದ್ದಲು ಹೋಗಬೇಡಿ, ಫೈಲ್ ನಡೆಯುವ ದಾರಿ ತಿದ್ದಿ. ಯಾರ ಫೈಲ್ ಮೊದಲು, ಯಾರದ್ದು ಆಮೇಲೆ, ಯಾರದ್ದಕ್ಕೆ ಆಕ್ಷೇಪಣೆ, ಯಾರದ್ದಕ್ಕೆ ಇಲ್ಲ ಅನ್ನುವುದನ್ನು ಒಬ್ಬರು ಮನಸ್ಸಿಗೆ ಬಂದಂತೆ ತೀರ್ಮಾನಿಸುವ ಜಾಗ ಎಲ್ಲಿದೆ ಅಂತ ಹುಡುಕಿ. ಮಧ್ಯವರ್ತಿಗೆ ಹೊಟ್ಟೆಪಾಡು ಸಿಗುವುದು ಅಲ್ಲೇ.

ಹುಡುಕುವುದು ಹೇಗೆ? ಪೌತಿ ಖಾತೆಯನ್ನೇ, ಅಂದರೆ ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡುವ ಕೆಲಸವನ್ನೇ ತೆಗೆದುಕೊಳ್ಳಿ. ಕಳೆದ ಎರಡು ಮೂರು ತಿಂಗಳಲ್ಲಿ ಮುಗಿದ ಇಪ್ಪತ್ತು ಪೌತಿ ಖಾತೆ ಫೈಲ್ ತರಿಸಿ. ಬಾಕಿ ಇರುವುದು ಬೇಡ, ಮುಗಿದಿರುವುದೇ ಬೇಕು. ಬಾಕಿ ಫೈಲ್ ಕೇಳಿದರೆ ಪ್ರತಿಯೊಂದಕ್ಕೂ ಒಂದು ಕಾರಣ ಸಿದ್ಧವಾಗಿರುತ್ತದೆ. ಮುಗಿದ ಫೈಲಿನಲ್ಲಿ ದಿನಾಂಕಗಳು ಮಾತ್ರ ಇರುತ್ತವೆ, ಅವು ಯಾರ ಪರವಾಗಿಯೂ ಮಾತಾಡುವುದಿಲ್ಲ. ಒಂದು ಹಾಳೆ ತೆಗೆದುಕೊಂಡು ಅರ್ಜಿ ಬಂದ ದಿನ, ಗ್ರಾಮ ಆಡಳಿತ ಅಧಿಕಾರಿಗೆ ತಲುಪಿದ ದಿನ, ನೋಟಿಸ್ ಚಾವಡಿಯಲ್ಲಿ ಅಂಟಿಸಿದ ದಿನ, ಅದರ ಅವಧಿ ಮುಗಿದ ದಿನ, ಆರ್‌ಐ (ಕಂದಾಯ ನಿರೀಕ್ಷಕರು) ಅನುಮೋದಿಸಿದ ದಿನ, ಜಮೀನಿನ ಹಕ್ಕು ದಾಖಲೆಯಾದ ಪಹಣಿಯಲ್ಲಿ ಹೆಸರು ಕೂತ ದಿನ, ಎಲ್ಲ ಸಾಲಾಗಿ ಬರೆಯಿರಿ. ಎರಡು ದಿನಾಂಕಗಳ ನಡುವಿನ ದೊಡ್ಡ ಖಾಲಿ ಜಾಗಕ್ಕೆ ಕೆಂಪು ಗೆರೆ ಹಾಕಿ. ಇದನ್ನು ನೀವೇ ಕೂತು ಮಾಡಬೇಕು, ಬೇರೆಯವರಿಗೆ ವಹಿಸಬೇಡಿ.

ಹೀಗೆ ದಿನಾಂಕ ಬರೆಯುತ್ತಾ ಹೋದರೆ ಒಂದು ಮಾದರಿಯ ಫೈಲ್ ನಿಮಗೂ ಸಿಕ್ಕೇ ಸಿಗುತ್ತದೆ. ತಂದೆ ತೀರಿಕೊಂಡಿದ್ದಾರೆ, ಮಗ ಅರ್ಜಿ ಕೊಟ್ಟಿದ್ದಾನೆ. ಮರಣ ಪ್ರಮಾಣಪತ್ರದಲ್ಲಿ ತಿಮ್ಮಯ್ಯ, ಪಹಣಿಯಲ್ಲಿ ತಿಮ್ಮಪ್ಪ. ಮೊದಲ ಸಲ ಬಂದಾಗ ‘ಹೆಸರು ತಾಳೆ ಆಗುತ್ತಿಲ್ಲ, ಅಫಿಡವಿಟ್ ತನ್ನಿ’ ಅಂದರು. ತಂದ. ಎರಡನೇ ಸಲ ‘ವಂಶವೃಕ್ಷದಲ್ಲಿ ಮದುವೆಯಾದ ಮಗಳ ಹೆಸರಿಲ್ಲ’ ಅಂದರು. ಅದನ್ನೂ ಸರಿ ಮಾಡಿಸಿದ. ಮೂರನೇ ಸಲ ‘ಆಧಾರ್ ಜೆರಾಕ್ಸ್ ಕಾಣುತ್ತಿಲ್ಲ’ ಅಂತ ವಾಪಸ್. ಮೂರೂ ಲೋಪ ಮೊದಲ ದಿನವೇ ಅರ್ಜಿ ನೋಡಿದವರ ಕಣ್ಣ ಮುಂದೆ ಇತ್ತು. ಒಂದೊಂದಾಗಿ ಹೇಳಿದ್ದರಿಂದ ಆ ರೈತನಿಗೆ ಮೂರು ದಿನದ ಕೂಲಿ ಹೋಯಿತು, ಬಸ್ ಚಾರ್ಜ್ ಹೋಯಿತು, ನಾಲ್ಕನೇ ಸಲ ಅವನು ಬಾಗಿಲಲ್ಲಿ ನಿಂತ ಮಧ್ಯವರ್ತಿಯ ಹತ್ತಿರವೇ ಹೋದ. ಇನ್ನು ಅವನನ್ನು ‘ಮಧ್ಯವರ್ತಿಗಳ ಹತ್ತಿರ ಹೋಗಬೇಡಿ’ ಅಂತ ಗೋಡೆ ಮೇಲೆ ಬರೆಸಿ ಹೇಗೆ ತಡೆಯುವುದು?

ಇದಕ್ಕೆ ಮದ್ದು ತುಂಬಾ ಸರಳ. ಒಂದು ಕಚೇರಿ ಆದೇಶ ಹೊರಡಿಸಿ. ಅರ್ಜಿಯಲ್ಲಿ ಏನೇನು ಲೋಪ ಇದೆಯೋ ಎಲ್ಲವನ್ನೂ ಒಂದೇ ದಿನ, ಒಂದೇ ಹಾಳೆಯಲ್ಲಿ, ಕನ್ನಡದಲ್ಲಿ ಬರೆದು ಅರ್ಜಿದಾರರ ಕೈಗೆ ಕೊಡಬೇಕು. ಎರಡನೇ ಸಲ ಆಕ್ಷೇಪಣೆ ಹಾಕಬೇಕಾದರೆ ಆ ಫೈಲ್ ನಿಮ್ಮ ಮುಂದೆ ಬಂದು ನಿಮ್ಮ ಸಹಿ ಆಗಬೇಕು. ಇಷ್ಟೇ. ಯಾರನ್ನೂ ಬೈದ ಹಾಗಾಗಲಿಲ್ಲ, ಯಾರಿಗೂ ನೋಟಿಸ್ ಕೊಟ್ಟ ಹಾಗಾಗಲಿಲ್ಲ. ಆದರೆ ಒಂದೊಂದಾಗಿ ಕೊಕ್ಕೆ ಹಾಕುವ ದಾರಿ ಮುಚ್ಚಿತು.

ಒಂದು ಎಚ್ಚರಿಕೆ. ಬೇಗ ಮಾಡಬೇಕು ಅನ್ನುವ ಭರದಲ್ಲಿ ನೋಟಿಸ್ ಅವಧಿಯನ್ನಾಗಲಿ, ಆ ಮದುವೆಯಾದ ಮಗಳ ಹೆಸರನ್ನಾಗಲಿ ಬಿಟ್ಟುಬಿಡಬೇಡಿ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ತಿದ್ದುಪಡಿ ಆದ ಮೇಲೆ ಪಿತ್ರಾರ್ಜಿತ ಆಸ್ತಿಯಲ್ಲಿ ಆಕೆಗೂ ಮಗನಷ್ಟೇ ಹಕ್ಕು. ಊರಲ್ಲಿ ಎಷ್ಟೋ ವಂಶವೃಕ್ಷಗಳಲ್ಲಿ ಹೆಣ್ಣುಮಕ್ಕಳ ಹೆಸರು ಬೇಕೆಂದೇ ಬಿಟ್ಟಿರುತ್ತಾರೆ. ಫೈಲಿನಲ್ಲಿ ಕೆಲವು ನಿಧಾನಗಳು ಯಾರದ್ದೋ ಹಕ್ಕು ಕಾಯಲೆಂದೇ ಇವೆ, ಕೆಲವು ಸುಮ್ನೆ ಇವೆ. ಯಾವುದು ಯಾವುದು ಅಂತ ಬೇರೆ ಮಾಡುವುದಕ್ಕೇ ನಿಮ್ಮ ಇಷ್ಟು ವರ್ಷದ ಅನುಭವ ಬೇಕಾಗಿರುವುದು.

‘ಎಲ್ಲ ಆನ್‌ಲೈನ್ ಮಾಡಿದರೆ ಸರಿ ಹೋಗುತ್ತದೆ’ ಅನ್ನುವವರು ನಿಮಗೆ ಬೇಕಾದಷ್ಟು ಸಿಗುತ್ತಾರೆ. ಇದಕ್ಕೆ ನಮ್ಮ ಕಂದಾಯ ಇಲಾಖೆಯ ಕಥೆಯನ್ನೇ ಹೇಳಬೇಕು, ಯಾಕೆಂದರೆ ಪಹಣಿಗಳನ್ನು ಕಂಪ್ಯೂಟರಿಗೆ ತಂದ ಭೂಮಿ ಯೋಜನೆಯಿಂದ ಕಲಿಯುವುದು ತುಂಬಾ ಇದೆ. ಅದನ್ನು ಬರೀ ಕಂಪ್ಯೂಟರ್ ಕಥೆ ಅಂತ ಎಲ್ಲರೂ ನೆನಪಿಟ್ಟುಕೊಂಡಿದ್ದಾರೆ.

2000ಕ್ಕಿಂತ ಮುಂಚೆ ರಾಜ್ಯದಲ್ಲಿ ಸುಮಾರು 9,000 ಗ್ರಾಮ ಲೆಕ್ಕಿಗರ (ಈಗಿನ ಗ್ರಾಮ ಆಡಳಿತ ಅಧಿಕಾರಿಗಳ) ಕೈಯಲ್ಲಿ ಪಹಣಿ ಪುಸ್ತಕಗಳಿದ್ದವು. ಒಬ್ಬೊಬ್ಬರಿಗೆ ಮೂರು ನಾಲ್ಕು ಹಳ್ಳಿ. ಬೆಳೆ ಸಾಲಕ್ಕೆ ಪಹಣಿ ಬೇಕೆಂದರೆ ಅವರನ್ನು ಹುಡುಕಿಕೊಂಡು ಹೋಗಬೇಕು, ಅವರು ಸಿಗಬೇಕು, ಅವರ ಮನಸ್ಸು ಬರಬೇಕು. ಇದನ್ನು ಕಂಪ್ಯೂಟರೀಕರಣ ಮಾಡುವ ಯತ್ನ 1990ರ ದಶಕದ ಶುರುವಿನಲ್ಲೇ ಆಗಿನ ಗುಲ್ಬರ್ಗ ಜಿಲ್ಲೆಯಲ್ಲಿ ನಡೆದಿತ್ತು, ಕೇಂದ್ರದ ಹಣದಲ್ಲಿ. ಫಲ ಸಿಗಲಿಲ್ಲ. ದಾಖಲೆ ಬದಲಾಗುವುದು ತಾಲ್ಲೂಕಿನಲ್ಲಿ, ಆದರೆ ತಾಲ್ಲೂಕಿಗೆ ಕಂಪ್ಯೂಟರ್ ಹಾಕುವ ಏರ್ಪಾಡೇ ಅದರಲ್ಲಿರಲಿಲ್ಲ. ಕೈಬರಹದ ಪಹಣಿಯೂ ನಡೆಯುತ್ತಲೇ ಇತ್ತು. ಹಾಗಾಗಿ ಕಂಪ್ಯೂಟರಿನಲ್ಲಿದ್ದ ಮಾಹಿತಿ ಹಳತಾಗುತ್ತಾ ಹೋಯಿತು, ಅದನ್ನು ಯಾರೂ ನಂಬಲಿಲ್ಲ.

ಆಮೇಲೆ ಬಂದದ್ದು ಭೂಮಿ. ರಾಜೀವ್ ಚಾವ್ಲಾ ಅವರು ಅದನ್ನು ಮುನ್ನಡೆಸಿದರು, ಎಸ್.ಎಂ. ಕೃಷ್ಣ ಅವರ ಸರ್ಕಾರ ಬೆನ್ನಿಗೆ ನಿಂತಿತು. ಸುಮಾರು 67 ಲಕ್ಷ ರೈತರಿಗೆ ಸೇರಿದ 2 ಕೋಟಿಯಷ್ಟು ಪಹಣಿಗಳು ಕಂಪ್ಯೂಟರಿಗೆ ಬಂದವು. ಆಗಿದ್ದ 177 ತಾಲ್ಲೂಕುಗಳಲ್ಲಿ ಕೇಂದ್ರ ತೆರೆಯಿತು, 15 ರೂಪಾಯಿ ಕೊಟ್ಟರೆ ಯಾರ ಪಹಣಿ ಬೇಕಾದರೂ ಕೈಗೆ ಸಿಗುತ್ತಿತ್ತು.

ನನ್ನ ದೃಷ್ಟಿಯಲ್ಲಿ ಅದು ಗಟ್ಟಿಯಾಗಿ ನೆಲೆ ನಿಲ್ಲಲು ಕಾರಣ ಮೂರು ತೀರ್ಮಾನಗಳು. ಒಂದು, ತಾಲ್ಲೂಕಿನ ದತ್ತಾಂಶ ಸಿದ್ಧವಾದ ಮೇಲೆ ಅಲ್ಲಿ ಕೈಬರಹದ ಪಹಣಿಗೆ ಕಾನೂನಿನ ಮಾನ್ಯತೆ ಇಲ್ಲ ಅಂತ ಘೋಷಿಸಿದ್ದು. ಹಳೆ ಬಾಗಿಲು ಪೂರ್ತಿ ಬಂದ್ ಆಯಿತು. ಎರಡು, ಖಾತೆ ಬದಲಾವಣೆ ಅರ್ಜಿಗಳಿಗೆ ಮೊದಲು ಬಂದದ್ದು ಮೊದಲು ಅನ್ನುವ ನಿಯಮವನ್ನು ಸಾಫ್ಟ್‌ವೇರಿನೊಳಗೇ ಕೂರಿಸಿದ್ದು. ಮೊದಲು ಬಂದ ಅರ್ಜಿ ಬಿಟ್ಟು ಆಮೇಲೆ ಬಂದದ್ದನ್ನು ಎತ್ತಿಕೊಳ್ಳುವ ಹಾಗಿರಲಿಲ್ಲ. ಮೂರು, ಬೆರಳಚ್ಚು ಕೊಟ್ಟು ಒಳಗೆ ಹೋಗಬೇಕಾಗಿದ್ದರಿಂದ ಯಾರು ಏನು ತಿದ್ದಿದರು ಅನ್ನುವುದು ದಾಖಲಾಗುತ್ತಿತ್ತು. ಈ ಕೇಂದ್ರಗಳನ್ನು ನಡೆಸಲೂ ಗ್ರಾಮ ಲೆಕ್ಕಿಗರಿಗೇ ತರಬೇತಿ ಕೊಟ್ಟು ಕೂರಿಸಿದರು. ಯಾರ ಅಧಿಕಾರ ಕಮ್ಮಿಯಾಗುತ್ತಿತ್ತೋ ಅದೇ ವೃಂದಕ್ಕೆ ಹೊಸ ಕೆಲಸ ಸಿಕ್ಕಿತು. ಇದು ಸಣ್ಣ ವಿಷಯ ಅಲ್ಲ.

ಹಾಗಂತ ಭೂಮಿಯಿಂದ ಎಲ್ಲ ಸರಿಹೋಯಿತಾ? ಇಲ್ಲ. ಪಹಣಿ ಕಾಗದ ಸಲೀಸಾಯಿತು, ಆದರೆ ಪೋಡಿ (ಒಂದೇ ಸರ್ವೆ ನಂಬರಿನ ಜಮೀನನ್ನು ಭಾಗ ಮಾಡುವುದು), ಅಳತೆ, ತಕರಾರು ಪ್ರಕರಣ ಹಿಂದಿನ ಹಾಗೇ ಉಳಿದವು. ದತ್ತಾಂಶ ತುಂಬುವಾಗ ಆದ ತಪ್ಪುಗಳನ್ನು ತಿದ್ದಿಸಿಕೊಳ್ಳಲು ರೈತನೇ ಅಲೆಯಬೇಕಾಯಿತು, ಇವತ್ತಿಗೂ ‘ಪಹಣಿ ತಿದ್ದುಪಡಿ’ ಅಂತ ಅರ್ಜಿ ಹಿಡಿದು ನಿಮ್ಮ ಬಾಗಿಲಿಗೆ ಬರುವವರಲ್ಲಿ ಅವರೂ ಇದ್ದಾರೆ. ಹಳ್ಳಿಯಲ್ಲಿದ್ದ ಹಿಡಿತ ತಾಲ್ಲೂಕು ಕಚೇರಿಗೆ ಬಂತು, ಮಧ್ಯವರ್ತಿಯೂ ಅದರ ಹಿಂದೆಯೇ ಬಂದ. ಒಂದು ಜಾಗದಲ್ಲಿ ದಾರಿ ಸರಿ ಮಾಡಿದರೆ ಅಡ್ಡಗಾಲು ಮುಂದಿನ ಜಾಗಕ್ಕೆ ಹೋಗಿ ಕೂರುತ್ತದೆ. ಆರು ತಿಂಗಳಾದ ಮೇಲೆ ಮತ್ತೆ ಇಪ್ಪತ್ತು ಫೈಲ್ ತರಿಸಿ ಅದೇ ಹಾಳೆ ಬರೆಯಬೇಕಾದದ್ದು ಇದಕ್ಕೇ.

ಗಡುವಿನೊಳಗೆ ಜನರಿಗೆ ಸೇವೆ ಕೊಡಲೇಬೇಕು ಅನ್ನುವ ಸಕಾಲದ ಬಗ್ಗೆಯೂ ಒಂದು ಮಾತು ಹೇಳಬೇಕು. 2011ರಲ್ಲಿ ಕಾಯ್ದೆ ಆಯಿತು, 2012ರ ಏಪ್ರಿಲ್ 2ರಂದು 11 ಇಲಾಖೆಗಳ 151 ಸೇವೆಗಳೊಂದಿಗೆ ರಾಜ್ಯಾದ್ಯಂತ ಶುರುವಾಯಿತು. ತಡವಾದರೆ ದಿನಕ್ಕೆ 20 ರೂಪಾಯಿ, ಗರಿಷ್ಠ 500 ರೂಪಾಯಿ ಪರಿಹಾರ, ಅದೂ ಕಾರಣರಾದವರ ಜೇಬಿನಿಂದ. ಯೋಚನೆ ತುಂಬಾ ಒಳ್ಳೆಯದು, ನಾನು ಅದರ ಪರವೇ. ಆದರೆ ಕಚೇರಿಯನ್ನು ಬರೀ ಗಡುವಿನಿಂದ ಅಳೆದರೆ ಏನಾಗುತ್ತದೆ ಅಂತ ನಿಮಗೂ ಗೊತ್ತು. ಗಡುವು ನಾಳೆ ಮುಗಿಯುತ್ತದೆ ಅಂದಾಗ ಇವತ್ತು ಸಂಜೆ ‘ದಾಖಲೆಗಳು ಅಪೂರ್ಣ’ ಅಂತ ಒಂದು ಹಿಂಬರಹ (ಅರ್ಜಿದಾರರಿಗೆ ಕೊಡುವ ಲಿಖಿತ ಉತ್ತರ) ಹೋಗುತ್ತದೆ, ಲೆಕ್ಕದಲ್ಲಿ ಅರ್ಜಿ ವಿಲೇವಾರಿ ಆಯಿತು. ಇಲ್ಲವೇ ಅರ್ಜಿಯನ್ನು ಸಕಾಲ ಸಂಖ್ಯೆ ಕೊಡದೆ ಕೈಯಲ್ಲೇ ಇಟ್ಟುಕೊಂಡು, ಕೆಲಸ ಮುಗಿಯುವ ಹಂತಕ್ಕೆ ಬಂದಾಗ ನಮೂದಿಸುತ್ತಾರೆ. ಪಟ್ಟಿಯಲ್ಲಿ ನಿಮ್ಮ ತಾಲ್ಲೂಕು ಮೇಲೆ ಕಾಣುತ್ತದೆ, ಜನ ಮಾತ್ರ ಬಾಗಿಲಲ್ಲೇ ಇರುತ್ತಾರೆ.

ಹಾಗಾಗಿ ವಿಲೇವಾರಿ ಎಷ್ಟು ಅಂತ ಕೇಳುವ ಬದಲು ತಿರಸ್ಕೃತವಾದ ಅರ್ಜಿಗಳನ್ನು ವಾರಕ್ಕೊಮ್ಮೆ ನೀವೇ ನೋಡಿ. ಎಲ್ಲವನ್ನೂ ನೋಡಲು ಆಗದಿದ್ದರೆ ಕೈಗೆ ಸಿಕ್ಕ ಹತ್ತನ್ನು ನೋಡಿ. ಅದರಲ್ಲಿ ಒಂದಿಬ್ಬರಿಗೆ ಫೋನ್ ಮಾಡಿ, ‘ನಿಮ್ಮ ಅರ್ಜಿ ಯಾಕೆ ವಾಪಸ್ ಬಂತು ಅಂತ ನಿಮಗೆ ತಿಳಿಸಿದ್ದಾರಾ?’ ಅಂತ ಕೇಳಿ. ತಹಶೀಲ್ದಾರರೇ ಫೋನ್ ಮಾಡುತ್ತಾರೆ ಅನ್ನುವ ಸುದ್ದಿ ಕಚೇರಿಯಲ್ಲಿ ಒಂದೇ ದಿನದಲ್ಲಿ ಹರಡುತ್ತದೆ. ಹಿಂಬರಹಗಳ ಭಾಷೆಯೇ ಬದಲಾಗುತ್ತದೆ.

ಇನ್ನು ಸಿಬ್ಬಂದಿ. ರಾಜ್ಯದಲ್ಲಿ ಮಂಜೂರಾದ ಸುಮಾರು 7.7 ಲಕ್ಷ ಹುದ್ದೆಗಳಲ್ಲಿ ಮೂರನೇ ಒಂದು ಭಾಗದಷ್ಟು ಖಾಲಿ ಇದೆ. ನಿಮ್ಮ ಕಚೇರಿಯೂ ಅದರಿಂದ ಹೊರತಾಗಿರುವುದಿಲ್ಲ. ಗ್ರಾಮ ಆಡಳಿತ ಅಧಿಕಾರಿಯ ದಿನ ಹೇಗಿರುತ್ತದೆ ನೋಡಿ: ಜಾತಿ ಆದಾಯ ವರದಿ, ಪಿಂಚಣಿ ವಿಚಾರಣೆ, ಬೆಳೆ ಸಮೀಕ್ಷೆ, ಮಳೆ ಹಾನಿ ವರದಿ, ಚುನಾವಣೆ ಕೆಲಸ, ಮಧ್ಯೆ ಗ್ರೂಪಿನಲ್ಲಿ ‘ಸಂಜೆಯೊಳಗೆ ಮಾಹಿತಿ ಕೊಡಿ’ ಅಂತ ಮೆಸೇಜ್. ಎಲ್ಲವೂ ತುರ್ತು. ಎಲ್ಲವೂ ತುರ್ತಾದರೆ ಅವರು ಮಾಡುವುದೇನು? ಯಾರು ಜೋರಾಗಿ ಕೇಳುತ್ತಾರೋ ಅವರ ಕೆಲಸ ಮೊದಲು. ಬಡವನ ಪೌತಿ ಖಾತೆ ಜೋರಾಗಿ ಕೇಳುವುದಿಲ್ಲ.

ಇಲ್ಲಿ ನಿಮ್ಮ ಕೈಯಲ್ಲಿ ಇರುವುದು ಎರಡು. ನೀವೇ ಕೇಳುವ ಮಾಹಿತಿ ಕಮ್ಮಿ ಮಾಡಿ. ಸಾಫ್ಟ್‌ವೇರಿನಲ್ಲಿ ಈಗಾಗಲೇ ಇರುವ ಅಂಕಿ ಅಂಶವನ್ನು ಮತ್ತೆ ಎಕ್ಸೆಲ್‌ನಲ್ಲಿ ತುಂಬಿಸಿ ತರಿಸಿಕೊಳ್ಳುವ ಅಭ್ಯಾಸ ನಮ್ಮ ಕಚೇರಿಗಳಲ್ಲಿ ವಿಪರೀತ ಇದೆ. ಎಷ್ಟು ವರದಿಗಳನ್ನು ಯಾರೂ ಓದುವುದಿಲ್ಲ ಅಂತ ಪಟ್ಟಿ ಮಾಡಿ, ನಿಮ್ಮ ಮಟ್ಟದಲ್ಲಿ ನಿಲ್ಲಿಸಬಹುದಾದದ್ದನ್ನು ನಿಲ್ಲಿಸಿ, ಉಳಿದದ್ದನ್ನು ಜಿಲ್ಲಾಧಿಕಾರಿಗಳ ಸಭೆಯಲ್ಲಿ ವಿನಯದಿಂದಲೇ ಕೇಳಿ. ಎರಡನೆಯದು, ವಾರದಲ್ಲಿ ಒಂದು ದಿನ ಗ್ರಾಮ ಆಡಳಿತ ಅಧಿಕಾರಿಗಳನ್ನು ಕಚೇರಿಗೆ ಕರೆಸದೇ ಇರಿ. ಸಭೆ ಬೇಡ, ವಿಡಿಯೋ ಕಾನ್ಫರೆನ್ಸ್ ಬೇಡ. ಅವತ್ತು ಅವರು ಚಾವಡಿಯಲ್ಲಿ ಕೂರುತ್ತಾರೆ ಅಂತ ಊರಿನವರಿಗೆ ಡಂಗೂರ ಹೊಡೆಸಿ ತಿಳಿಸಿ.

ಹಳೆಯ ಸಿಬ್ಬಂದಿ ಬಗ್ಗೆ ನೀವು ಭಯಪಟ್ಟಂತೆ ಕಾಣುತ್ತದೆ. ಅವರಲ್ಲಿ ಕೆಲವರಿಗೆ ತಾಲ್ಲೂಕಿನ ಪ್ರತಿ ಸರ್ವೆ ನಂಬರಿನ ಇತಿಹಾಸ ಗೊತ್ತಿರುತ್ತದೆ, ಅಂಥವರನ್ನು ಕಳೆದುಕೊಳ್ಳಬೇಡಿ. ಮತ್ತೆ, ಕೆಲಸ ಮಾಡುವವರಿಗೇ ಇನ್ನಷ್ಟು ಕೆಲಸ ಹೇರುವ ತಪ್ಪು ಎಲ್ಲ ಕಚೇರಿಯಲ್ಲೂ ಆಗುತ್ತದೆ. ಚುರುಕಾದ ಕೇಸ್ ವರ್ಕರ್ (ಫೈಲ್ ನಡೆಸುವ ಗುಮಾಸ್ತ) ಮೇಜಿಗೆ ಮೂರು ಜನರ ಫೈಲ್ ಬರುತ್ತದೆ, ಕೆಲಸ ಮಾಡದವರು ಆರಾಮಾಗಿರುತ್ತಾರೆ. ಕೇಸ್ ವರ್ಕರ್ ಡೈರಿ ಅನ್ನುವ ಹಳೆಯ ವ್ಯವಸ್ಥೆ ನಮ್ಮಲ್ಲೇ ಇದೆಯಲ್ಲ, ಅದನ್ನು ತಪಾಸಣೆ ಅಂತ ಅನಿಸದ ಹಾಗೆ ತಿಂಗಳಿಗೊಮ್ಮೆ ಪಕ್ಕದಲ್ಲಿ ಕೂತು ನೋಡಿ. ಯಾರ ಹತ್ತಿರ ಎಷ್ಟು ಇದೆ ಅಂತ ಅದರಲ್ಲೇ ಕಾಣುತ್ತದೆ, ಹಂಚಿ ಸರಿದೂಗಿಸಿ. ಇಲಾಖೆಗೆ ಹೊಸ ಸಲಹೆಗಾರರ ಅಗತ್ಯವೇ ಬೀಳುವುದಿಲ್ಲ.

ಯಾರೋ ದೊಡ್ಡವರು ಫೋನ್ ಮಾಡಿ ‘ಈ ಫೈಲ್ ಮೊದಲು ನೋಡಿ’ ಅಂದಾಗ ಏನು ಮಾಡುವುದು ಅಂತಲೂ ನಿಮಗೆ ಅನಿಸಿರುತ್ತದೆ. 2013ರಲ್ಲಿ ಟಿ.ಎಸ್.ಆರ್. ಸುಬ್ರಮಣಿಯನ್ ಅವರು ಮತ್ತಿತರರು ಹಾಕಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇದನ್ನೇ: ಅಧಿಕಾರಿಗಳು ಬಾಯಿಮಾತಿನ ಆದೇಶದ ಮೇಲೆ ನಡೆಯಬಾರದು, ಅದು ಬರಹಕ್ಕೆ ಬರಬೇಕು. ಜಗಳ ಆಡಬೇಕಾಗಿಲ್ಲ. ಸರದಿ ಪಟ್ಟಿಯನ್ನು ನೋಟಿಸ್ ಬೋರ್ಡಿಗೆ ಹಾಕಿಸಿಬಿಟ್ಟರೆ ‘ಸಾರ್, ನಿಮ್ಮವರದ್ದು ಹದಿನಾಲ್ಕನೇ ನಂಬರ್, ಮುಂದಿನ ವಾರ ಆಗುತ್ತದೆ’ ಅಂತ ಹೇಳಲು ದಾರಿ ಇರುತ್ತದೆ. ಶಿಕ್ಷಕರ ವರ್ಗಾವಣೆಗೆ 2007ರಲ್ಲಿ ಕಾಯ್ದೆ ತಂದು ಕೌನ್ಸೆಲಿಂಗ್ ಮಾಡಿದಾಗ ಎಷ್ಟೋ ಅಧಿಕಾರಿಗಳಿಗೆ ಸಿಕ್ಕ ನೆಮ್ಮದಿ ಇದೇ. ಪಟ್ಟಿ ಎಲ್ಲರ ಕಣ್ಣ ಮುಂದೆ ಇದ್ದರೆ ಒತ್ತಡ ಹಾಕುವವರಿಗೇ ಮುಜುಗರ ಆಗುತ್ತದೆ.

ಕೆಲವು ಸುಧಾರಣೆಗಳು ನಿಮ್ಮ ಕೈ ಮೀರಿದವು, ಆದರೆ ಅವುಗಳ ದಿಕ್ಕು ಗಮನಿಸಿ. ಜಾತಿ ಪ್ರಮಾಣಪತ್ರಕ್ಕೆ ಜೀವನಪರ್ಯಂತ, ಆದಾಯ ಪ್ರಮಾಣಪತ್ರಕ್ಕೆ 5 ವರ್ಷ ಮಾನ್ಯತೆ ಕೊಟ್ಟದ್ದು ನನಗೆ ತುಂಬಾ ಇಷ್ಟವಾದ ತೀರ್ಮಾನ. ಪ್ರತಿ ಜೂನ್‌ನಲ್ಲಿ ಮಕ್ಕಳು, ತಂದೆತಾಯಿ ನಾಡಕಚೇರಿ ಮುಂದೆ ಸಾಲು ನಿಲ್ಲುವುದು ಎಷ್ಟೋ ಕಮ್ಮಿಯಾಯಿತು. ಸೇವೆ ಬೇಗ ಕೊಡುವುದಕ್ಕಿಂತ, ಆ ಸೇವೆಗಾಗಿ ಜನ ಬರುವ ಅಗತ್ಯವೇ ಇಲ್ಲದಂತೆ ಮಾಡುವುದು ಮೇಲು. ನಿಮ್ಮ ಮಟ್ಟದಲ್ಲೂ ಹೀಗೆ ಕೇಳಿಕೊಳ್ಳಬಹುದು: ನಮ್ಮ ರೆಕಾರ್ಡ್ ರೂಮಿನಲ್ಲೇ ಇರುವ ಕಾಗದದ ನಕಲನ್ನು ನಾವೇ ಅರ್ಜಿದಾರರಿಂದ ಯಾಕೆ ಕೇಳುತ್ತಿದ್ದೇವೆ?

ರೆಕಾರ್ಡ್ ರೂಮ್ ಅಂದಾಗ ನೆನಪಾಯಿತು. ಮಹಾರಾಷ್ಟ್ರದ ಆಗಿನ ಅಹ್ಮದ್‌ನಗರದಲ್ಲಿ (ಈಗ ಅಹಿಲ್ಯಾನಗರ) 1980ರ ದಶಕದ ಶುರುವಿನಲ್ಲಿ ಕಲೆಕ್ಟರ್ ಆಗಿದ್ದ ಅನಿಲ್‌ಕುಮಾರ್ ಲಖೀನಾ ಅವರು ಕಚೇರಿಯ ಆಸನ ವ್ಯವಸ್ಥೆ, ಕಡತಗಳ ವರ್ಗೀಕರಣ ಎರಡನ್ನೂ ಹೊಸದಾಗಿ ಜೋಡಿಸಿದರು. ಅದು ಲಖೀನಾ ಪ್ಯಾಟರ್ನ್ ಅಂತಲೇ ಹೆಸರಾಯಿತು. ಕಂಪ್ಯೂಟರ್ ಇರಲಿಲ್ಲ. ಹಳೆ ಕಡತ ಯಾವುದು ಇಡಬೇಕು, ಯಾವುದು ನಾಶಪಡಿಸಬೇಕು ಅಂತ ಬೇರೆ ಮಾಡಿದ್ದೇ ದೊಡ್ಡ ಕೆಲಸ. ಈಗ ನಮ್ಮಲ್ಲಿ ಭೂ ಸುರಕ್ಷಾ ಯೋಜನೆಯಡಿ ದಾಖಲೆಗಳ ಸ್ಕ್ಯಾನಿಂಗ್ ನಡೆಯುತ್ತಿದೆ. ಸ್ಕ್ಯಾನ್ ಮಾಡುವವರು ಕೊಟ್ಟದ್ದನ್ನು ಸ್ಕ್ಯಾನ್ ಮಾಡುತ್ತಾರೆ. ಸೂಚಿ ಸರಿ ಇದೆಯಾ, ಪುಟ ಬಿಟ್ಟುಹೋಗಿದೆಯಾ ಅಂತ ಪರಿಶೀಲಿಸಲು ಆ ಹಳೆಯ ಅನುಭವಸ್ಥರನ್ನೇ ಕೂರಿಸಿ. ನಿಮ್ಮ ಅವಧಿಯಲ್ಲಿ ನೀವು ಮಾಡಬಹುದಾದ ಅತ್ಯಂತ ಬಾಳಿಕೆಯ ಕೆಲಸ ಇದೇ ಇರಬಹುದು.

ಆಡಳಿತ ಸುಧಾರಣಾ ಆಯೋಗಗಳು ನಮಗೆ ಹೊಸತಲ್ಲ. ಕೇಂದ್ರದ ಮೊದಲ ಆಯೋಗ 1966ರಲ್ಲಿ ಶುರುವಾಗಿ, ಮೊರಾರ್ಜಿ ದೇಸಾಯಿ ಅವರ ನಂತರ ಕೆಂಗಲ್ ಹನುಮಂತಯ್ಯನವರು ಅದನ್ನು ಮುನ್ನಡೆಸಿದರು. 2005ರ ಎರಡನೆಯದಕ್ಕೆ ವೀರಪ್ಪ ಮೊಯಿಲಿ ಅಧ್ಯಕ್ಷರು. ರಾಜ್ಯದಲ್ಲಿ ಹಾರನಹಳ್ಳಿ ರಾಮಸ್ವಾಮಿ ಆಯೋಗ, 2021ರಲ್ಲಿ ಟಿ.ಎಂ. ವಿಜಯಭಾಸ್ಕರ್ ಆಯೋಗ. ಎಲ್ಲವನ್ನೂ ಓದಲು ನಿಮಗೆ ಪುರುಸೊತ್ತಿರುವುದಿಲ್ಲ. ವಿಜಯಭಾಸ್ಕರ್ ಆಯೋಗದ ಮೊದಲ ವರದಿಯಲ್ಲಿ ಕಂದಾಯ ಇಲಾಖೆಯ ಭಾಗವನ್ನಾದರೂ ಓದಿ. ಮೇಲಿನವರ ಮುಂದೆ ಒಂದು ಬದಲಾವಣೆ ಕೇಳುವಾಗ ‘ಆಯೋಗವೇ ಶಿಫಾರಸು ಮಾಡಿದೆ’ ಅನ್ನುವ ಒಂದು ಸಾಲು ನಿಮ್ಮ ಟಿಪ್ಪಣಿಯಲ್ಲಿದ್ದರೆ ಅದರ ತೂಕವೇ ಬೇರೆ.

ಕೊನೆಗೆ, ನೀವು ಹೋದ ಮೇಲೆ ಉಳಿಯುತ್ತದಾ ಅಂತ ಕೇಳಿದ್ದೀರಿ. ಬಾಯಲ್ಲಿ ಹೇಳಿ ಮಾಡಿಸಿದ್ದು ಉಳಿಯುವುದಿಲ್ಲ. ನಿಮ್ಮ ಮೇಲಿನ ಪ್ರೀತಿಗೆ, ಗೌರವಕ್ಕೆ ಸಿಬ್ಬಂದಿ ಮಾಡಿದ್ದೂ ಉಳಿಯುವುದಿಲ್ಲ. ಜನಕ್ಕೆ ಗೊತ್ತಾಗಿ ಅಭ್ಯಾಸವಾದದ್ದು ಮಾತ್ರ ಉಳಿಯುತ್ತದೆ, ಯಾಕೆಂದರೆ ಅದನ್ನು ನಿಲ್ಲಿಸಿದ ದಿನ ಕೇಳುವವರು ಇರುತ್ತಾರೆ. ಹಾಗಾಗಿ ಲೋಪಗಳನ್ನು ಒಂದೇ ಹಾಳೆಯಲ್ಲಿ ಕೊಡುವ ಆದೇಶದ ಪ್ರತಿಯನ್ನು ಎಲ್ಲ ಗ್ರಾಮ ಪಂಚಾಯಿತಿಗಳಿಗೂ ಕಳಿಸಿ ಬೋರ್ಡಿಗೆ ಹಾಕಿಸಿ. ಸರದಿ ಪಟ್ಟಿ ಪ್ರತಿ ಸೋಮವಾರ ಬದಲಾಗಲಿ. ಜಿಲ್ಲಾಧಿಕಾರಿಗಳ ಅನುಮೋದನೆ ಪಡೆದು ಅದನ್ನು ಕಚೇರಿ ತಪಾಸಣೆಯ ನಮೂನೆಯಲ್ಲಿ ಒಂದು ಅಂಶವಾಗಿ ಸೇರಿಸಿಸಿ, ಆಗ ಮುಂದೆ ಬರುವವರಿಗೂ ಅದಕ್ಕೆ ಉತ್ತರ ಕೊಡಬೇಕಾಗುತ್ತದೆ. ಪೌತಿ ಖಾತೆ ಒಂದು ಹಿಡಿತಕ್ಕೆ ಬಂದ ಮೇಲೆ ಪಹಣಿ ತಿದ್ದುಪಡಿ ಅರ್ಜಿಗಳನ್ನು ಎತ್ತಿಕೊಳ್ಳಿ. ಅದು ಇದಕ್ಕಿಂತ ಕಷ್ಟ, ಸರ್ವೆ ಇಲಾಖೆಯವರನ್ನೂ ಜೊತೆಗೆ ಕೂರಿಸಿಕೊಳ್ಳಬೇಕಾಗುತ್ತದೆ. ಆ ಇಪ್ಪತ್ತು ಫೈಲಿನ ಹಾಳೆ ಬರೆದು ಮುಗಿದ ಮೇಲೆ ಕೆಂಪು ಗೆರೆ ಎಲ್ಲೆಲ್ಲಿ ಬಿತ್ತು ಅಂತ ಬರೆದು ಕಳಿಸಿ, ಮುಂದಿನದನ್ನು ಅದರ ಮೇಲೆಯೇ ಮಾತಾಡೋಣ.